ಶಾಸಕರ ಕೈಯಲ್ಲಿ ಏನಿದೆ, ಏನಿಲ್ಲ

ಊರಿಗೆ ಬಸ್ ಬರುತ್ತಿಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟು ವಾರವಾಯಿತು. ಮಗಳಿಗೆ ಹಾಸ್ಟೆಲ್ ಸೀಟು ಸಿಕ್ಕಿಲ್ಲ. ಜಮೀನು ಅಳೆದು ಭಾಗ ಮಾಡಿಕೊಡಿ ಎಂಬ ಪೋಡಿ ಅರ್ಜಿ ತಾಲ್ಲೂಕು ಕಚೇರಿಯಲ್ಲೇ ಕೂತಿದೆ. ಇಂಥದ್ದು ಏನೇ ಆದರೂ ನಮ್ಮ ಬಾಯಲ್ಲಿ ಮೊದಲು ಬರುವ ಮಾತು, 'ಎಂಎಲ್‌ಎಗೆ ಹೇಳೋಣ'. ಅವರು ಒಂದು ಫೋನ್ ಮಾಡಿದರೆ ಕೆಲಸ ಆಗುತ್ತದೆ ಎಂಬ ನಂಬಿಕೆ. ಆಗದಿದ್ದರೆ, ಗೆದ್ದ ಮೇಲೆ ಈ ಕಡೆ ತಲೆ ಹಾಕಿಲ್ಲ ಎಂಬ ಸಿಟ್ಟು.

ಈ ನಂಬಿಕೆ, ಈ ಸಿಟ್ಟು ಎರಡಕ್ಕೂ ಕಾರಣ ಇದೆ. ಆದರೆ ಶಾಸಕರು ಕಾನೂನಿನ ಪ್ರಕಾರ ನಮ್ಮ ಪರವಾಗಿ ಏನು ಮಾಡಬಹುದು, ಏನು ಮಾಡಲಾಗದು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಯಾರೂ ಹೇಳಿಕೊಟ್ಟಿಲ್ಲ. ಶಾಲೆಯ ಪಾಠದಲ್ಲಿ ವಿಧಾನಸಭೆಗೆ ಎಷ್ಟು ಸದಸ್ಯರು ಎಂದು ಬಾಯಿಪಾಠ ಮಾಡಿಸಿದ್ದಾರೆ, ಅಷ್ಟೇ.

ಈಗ ಅದನ್ನು ತಿಳಿಯುವ ಹೊತ್ತು ಬಂದಿದೆ. 2027ರ ಜನಗಣತಿಗೆ ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಅಲ್ಲಿಂದ ಕ್ಷೇತ್ರ ಮರುವಿಂಗಡಣೆಯ, ಅಂದರೆ ಜನಸಂಖ್ಯೆ ನೋಡಿ ಕ್ಷೇತ್ರಗಳ ಸಂಖ್ಯೆ, ಗಡಿಗಳನ್ನು ಮತ್ತೆ ಗೊತ್ತುಮಾಡುವ ಮಾತು ಜೋರಾಗಿದೆ. ಒಬ್ಬ ಪ್ರತಿನಿಧಿ ಎಷ್ಟು ಜನರ ಪರವಾಗಿ ಇರಬೇಕು ಎಂಬ ಚರ್ಚೆ ಅದು. ಆ ಪ್ರತಿನಿಧಿ ಮಾಡುವ ಕೆಲಸ ಏನು ಎಂದು ಗೊತ್ತಿಲ್ಲದಿದ್ದರೆ ಆ ಚರ್ಚೆ ನಮಗೆ ಬರೀ ಅಂಕಿಗಳ ಜಗಳವಾಗಿ ಕಾಣುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟು: ಶಾಸಕರಿಗೆ ಆದೇಶ ಕೊಡುವ ಅಧಿಕಾರ ತುಂಬಾ ಕಡಿಮೆ. ಪ್ರಶ್ನೆ ಕೇಳುವ ಅಧಿಕಾರ ತುಂಬಾ ದೊಡ್ಡದು. ನಾವು ಅವರಿಂದ ಹೆಚ್ಚಾಗಿ ಬಯಸುವುದು ಮೊದಲನೆಯದನ್ನು.

ಶಾಸಕರು ಬೇರೆ, ಸರ್ಕಾರ ಬೇರೆ

ಕರ್ನಾಟಕ ವಿಧಾನಸಭೆಯಲ್ಲಿ 224 ಸ್ಥಾನಗಳಿವೆ. ಅದರಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ವಿಧಾನ ಪರಿಷತ್ತಿನಲ್ಲಿ 75 ಸದಸ್ಯರಿದ್ದಾರೆ, ಆದರೆ ಅವರ ಆಯ್ಕೆಯ ದಾರಿ ಬೇರೆ. ಶಾಸಕರು, ಸ್ಥಳೀಯ ಸಂಸ್ಥೆಗಳ ಸದಸ್ಯರು, ಪದವೀಧರರು, ಶಿಕ್ಷಕರು ಮತ ಹಾಕಿ 64 ಜನರನ್ನು ಆರಿಸುತ್ತಾರೆ. ಉಳಿದ 11 ಜನ ನಾಮನಿರ್ದೇಶಿತರು. ನಿಮ್ಮ ಊರು ಯಾರ ಕ್ಷೇತ್ರಕ್ಕೆ ಸೇರಿದೆ ಎಂದು ಕೇಳಿದರೆ ಬರುವ ಹೆಸರು ವಿಧಾನಸಭೆಯ ಸದಸ್ಯರದ್ದು. ಈ ಲೇಖನ ಅವರ ಬಗ್ಗೆ.

ಈ 224 ಜನರಲ್ಲಿ ಸರ್ಕಾರ ನಡೆಸುವವರು ಕೆಲವರು ಮಾತ್ರ. ಸಂವಿಧಾನಕ್ಕೆ 2003ರಲ್ಲಿ ಬಂದ 91ನೇ ತಿದ್ದುಪಡಿ ಸಚಿವರ ಸಂಖ್ಯೆಗೆ ಮಿತಿ ಹಾಕಿತು. ಸದನದ ಬಲದ ಶೇ 15ರಷ್ಟು ಜನ ಮಾತ್ರ ಸಚಿವರಾಗಬಹುದು. ಕರ್ನಾಟಕದ ಲೆಕ್ಕದಲ್ಲಿ ಮುಖ್ಯಮಂತ್ರಿಯೂ ಸೇರಿ 34 ಜನ. ಉಳಿದ ಸುಮಾರು 190 ಶಾಸಕರು ಸರ್ಕಾರದ ಭಾಗವಲ್ಲ. ಆಡಳಿತ ಪಕ್ಷದವರೇ ಆದರೂ ಅಷ್ಟೇ.

ಹಾಗಾಗಿ ಶಾಸಕರು ತಹಶೀಲ್ದಾರರಿಗೆ ಲಿಖಿತ ಆದೇಶ ಕೊಡುವಂತಿಲ್ಲ. ಎಂಜಿನಿಯರ್‌ಗೆ ಇಂಥವರ ಬಿಲ್ ಪಾಸ್ ಮಾಡಿ ಎಂದು ಹುಕುಂ ಹೊರಡಿಸುವಂತಿಲ್ಲ. ಅವರು ಪತ್ರ ಕೊಟ್ಟರೆ ಅದು ಶಿಫಾರಸು. ಅಧಿಕಾರಿ ನಿಯಮ ನೋಡಿ ಒಪ್ಪಬಹುದು, ಒಪ್ಪದೇ ಇರಬಹುದು.

ಹಾಗಿದ್ದರೂ ಅವರ ಫೋನಿಗೆ ಬೆಲೆ ಬರುವುದು ಯಾಕೆ? ನಾಳೆ ಸದನದಲ್ಲಿ ಆ ಇಲಾಖೆಯ ಸಚಿವರನ್ನೇ ನಿಲ್ಲಿಸಿ ಕೇಳುವ ಹಕ್ಕು ಅವರಿಗಿದೆ. ಉತ್ತರ ಸಿದ್ಧ ಮಾಡಬೇಕಾದವರು ಅದೇ ಅಧಿಕಾರಿಗಳು. ವರ್ಗಾವಣೆಯ ಮೇಲೆ ಶಾಸಕರ ಪ್ರಭಾವವೂ ಇದ್ದೇ ಇದೆ, ಅದು ಗುಟ್ಟೇನಲ್ಲ. ಆದರೆ ಕಾನೂನು ಅವರ ಕೈಗೆ ನೇರವಾಗಿ ಕೊಟ್ಟಿರುವುದು ಕೇಳುವ ಹಕ್ಕನ್ನು.

ಮತ ಹಾಕದವರಿಗೂ ಅವರೇ ಶಾಸಕರು

2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಒಂದೇ ಒಂದು ಮತದಿಂದ ಗೆದ್ದರು. ಅವರಿಗೆ 40,752, ಎದುರಾಳಿ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಸಿ.ಕೆ. ರಾಮಮೂರ್ತಿ ಗೆದ್ದಿದ್ದು 16 ಮತಗಳಿಂದ. ಎಣಿಕೆ ಮುಗಿದ ಗಳಿಗೆಯಿಂದ ಇಡೀ ಕ್ಷೇತ್ರಕ್ಕೆ ಅವರು ಶಾಸಕರು. ಸೋತ ಅಭ್ಯರ್ಥಿಗೆ ಮತ ಹಾಕಿದವರಿಗೂ, ಮತಗಟ್ಟೆಗೇ ಹೋಗದವರಿಗೂ, ಇನ್ನೂ 18 ತುಂಬದ ಮಕ್ಕಳಿಗೂ.

ನಮ್ಮ ಚುನಾವಣೆಯ ಪದ್ಧತಿಯೇ ಹಾಗೆ. ಕಣದಲ್ಲಿ ಇರುವವರಲ್ಲಿ ಯಾರಿಗೆ ಜಾಸ್ತಿ ಮತ ಬಂತೋ ಅವರು ಗೆದ್ದರು. ಅರ್ಧಕ್ಕಿಂತ ಹೆಚ್ಚು ಮತ ಬರಬೇಕೆಂದಿಲ್ಲ. ಮೂರು, ನಾಲ್ಕು ಜನ ಬಲವಾದ ಅಭ್ಯರ್ಥಿಗಳಿದ್ದ ಕಡೆ ಗೆದ್ದವರಿಗೆ ಬಂದ ಮತಕ್ಕಿಂತ ಬರದ ಮತವೇ ಹೆಚ್ಚಿರುತ್ತದೆ. ಆದ್ದರಿಂದಲೇ, 'ನೀವು ನಮಗೆ ಓಟು ಹಾಕಿಲ್ಲ' ಎಂದು ಯಾರಾದರೂ ಒಂದು ಊರಿನ ಅರ್ಜಿಯನ್ನು ಪಕ್ಕಕ್ಕಿಟ್ಟರೆ ಅದಕ್ಕೆ ಕಾನೂನಿನ ಯಾವ ಆಧಾರವೂ ಇಲ್ಲ. ಶಾಸಕರು ಪ್ರಮಾಣ ಮಾಡುವಾಗ ನಿಷ್ಠೆ ಹೇಳುವುದು ಸಂವಿಧಾನಕ್ಕೆ, ಪಕ್ಷಕ್ಕೆ ಅಲ್ಲ.

2023ರಲ್ಲಿ ರಾಜ್ಯದ ಮತದಾರರು ಸುಮಾರು 5.3 ಕೋಟಿ. 224ರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸುಮಾರು 2.37 ಲಕ್ಷ. ಇದು ಸರಾಸರಿ. ಮಲೆನಾಡಿನ ಶೃಂಗೇರಿಯಲ್ಲಿ ಎರಡು ಲಕ್ಷಕ್ಕೂ ಕಡಿಮೆ ಮತದಾರರಿದ್ದರೆ, ಬೆಂಗಳೂರು ದಕ್ಷಿಣದಲ್ಲಿ ಆರು ಲಕ್ಷಕ್ಕೂ ಹೆಚ್ಚು. ಇಬ್ಬರೂ ಶಾಸಕರಿಗೆ ಸದನದಲ್ಲಿ ಇರುವುದು ಒಂದೊಂದೇ ಮತ.

ಯಾವ ಕೆಲಸಕ್ಕೆ ಯಾರ ಬಳಿ ಹೋಗಬೇಕು

ಚರಂಡಿ, ಬೀದಿದೀಪ, ಊರೊಳಗಿನ ಕುಡಿಯುವ ನೀರು, ಉದ್ಯೋಗ ಖಾತ್ರಿ ಕೆಲಸ ಗ್ರಾಮ ಪಂಚಾಯಿತಿಗೆ ಸೇರಿದ್ದು. ಪಟ್ಟಣದಲ್ಲಾದರೆ ಪುರಸಭೆ, ನಗರಸಭೆ, ಪಾಲಿಕೆಯ ಸದಸ್ಯರನ್ನು ಹಿಡಿಯಬೇಕು. ರೈಲು, ರಾಷ್ಟ್ರೀಯ ಹೆದ್ದಾರಿ, ಪಾಸ್‌ಪೋರ್ಟ್, ಅಂಚೆ ಕೇಂದ್ರ ಸರ್ಕಾರದ ವಿಷಯ. ಅದಕ್ಕೆ ಸಂಸದರು. ಪೊಲೀಸ್, ಸರ್ಕಾರಿ ಆಸ್ಪತ್ರೆ, ಭೂ ದಾಖಲೆ, ನೀರಾವರಿ, ರಾಜ್ಯ ಹೆದ್ದಾರಿ, ಸಾರಿಗೆ ಬಸ್ಸು ರಾಜ್ಯದ್ದು. ಇವುಗಳ ಬಗ್ಗೆ ಶಾಸಕರನ್ನು ಹಿಡಿದು ಕೇಳಬಹುದು, ಕೇಳಬೇಕು.

ಆದರೆ ವಾಸ್ತವದಲ್ಲಿ ಚರಂಡಿಯೂ ಶಾಸಕರ ಬಾಗಿಲಿಗೇ ಬರುತ್ತದೆ. ಇದರಲ್ಲಿ ಜನರ ತಪ್ಪು ಕಡಿಮೆ. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಬೆಂಗಳೂರಿನಲ್ಲಿ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಅಲ್ಲೂ ಅದೇ ಕತೆ. ವಾರ್ಡಿಗೊಬ್ಬ ಸದಸ್ಯ ಇಲ್ಲ ಎಂದ ಮೇಲೆ ಕಸದ ಗಾಡಿ ಬಂದಿಲ್ಲ ಎಂದು ಹೇಳಲು ಯಾರ ಬಳಿ ಹೋಗುವುದು? ಎಲ್ಲ ಭಾರ ಶಾಸಕರ ಕಚೇರಿಯ ಮೇಲೆ ಬಿತ್ತು. ಬೆಳಿಗ್ಗೆಯಿಂದ ಕಸದ ಗಾಡಿಯ ಹಿಂದೆ ಬಿದ್ದ ಶಾಸಕರಿಗೆ ಮಸೂದೆ ಓದಲು ಸಮಯ ಎಲ್ಲಿ ಉಳಿಯುತ್ತದೆ? ಸ್ಥಳೀಯ ಚುನಾವಣೆ ಮುಂದೂಡಿದಾಗ ಆಗುವ ನಷ್ಟದಲ್ಲಿ ಇದು ಹೆಚ್ಚು ಕಣ್ಣಿಗೆ ಬೀಳದ ನಷ್ಟ ಎಂದು ನನಗೆ ಅನ್ನಿಸುತ್ತದೆ.

1881ರ ದಸರಾ ಹೊತ್ತಿಗೆ ಶುರುವಾದದ್ದು

ಊರಿನ ಅಹವಾಲನ್ನು ಹೊತ್ತು ರಾಜಧಾನಿಗೆ ಹೋಗುವ ಪದ್ಧತಿ ನಮ್ಮಲ್ಲಿ ಸಂವಿಧಾನಕ್ಕಿಂತ ಹಳೆಯದು. 1881ರಲ್ಲಿ ಬ್ರಿಟಿಷರು ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದರು. ಅದೇ ವರ್ಷ ದಿವಾನ್ ಸಿ. ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ಅಕ್ಟೋಬರ್ 7ರಂದು ಸೇರಿದ ಆ ಮೊದಲ ಸಭೆಯಲ್ಲಿ 144 ಸದಸ್ಯರಿದ್ದರು. ಆಮೇಲೆ ಪ್ರತಿ ವರ್ಷ ದಸರಾ ಸಮಯಕ್ಕೆ ಸಭೆ ಸೇರುವುದು ರೂಢಿಯಾಯಿತು.

ಆ ಸದಸ್ಯರನ್ನು ಜನರೆಲ್ಲ ಸೇರಿ ಆರಿಸಿರಲಿಲ್ಲ. ಜಮೀನ್ದಾರರು, ವ್ಯಾಪಾರಿಗಳು, ಅನುಕೂಲಸ್ಥರೇ ಹೆಚ್ಚು. ಕಾನೂನು ಮಾಡುವ ಅಧಿಕಾರವೂ ಆ ಸಭೆಗೆ ಇರಲಿಲ್ಲ. ದಿವಾನರು ವರ್ಷದ ಆಡಳಿತದ ವರದಿ ಓದುತ್ತಿದ್ದರು. ಸದಸ್ಯರು ತಮ್ಮ ತಾಲ್ಲೂಕಿನ ಬೇಕು, ಬೇಡಗಳನ್ನು ಮುಂದಿಡುತ್ತಿದ್ದರು. ಅಷ್ಟೇ. ಆದರೂ ಸರ್ಕಾರ ನಡೆಸುವವರು ವರ್ಷಕ್ಕೊಮ್ಮೆ ಎದುರು ಕೂತು ಕೇಳಿಸಿಕೊಳ್ಳಬೇಕಿತ್ತು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ಕಾನೂನು ಮಾಡುವ ಕೆಲಸ ಅದರ ಪಾಲಿಗೆ ಸೇರಿತು.

ಇವತ್ತಿನ ಶಾಸಕರಲ್ಲಿ ಈ ಎರಡೂ ಪಾತ್ರಗಳು ಒಂದಾಗಿವೆ. ಅಹವಾಲು ಹೇಳುವವರೂ ಅವರೇ, ಕಾನೂನಿಗೆ ಮತ ಹಾಕುವವರೂ ಅವರೇ. ನಾವು ಮಾತ್ರ ಇನ್ನೂ ಮೊದಲನೆಯ ಪಾತ್ರವನ್ನೇ ಹೆಚ್ಚು ನೋಡುತ್ತೇವೆ.

ಸದನದಲ್ಲಿ ಕೇಳುವುದು ಹೇಗೆ

ಟಿವಿಯಲ್ಲಿ ನಮಗೆ ಕಾಣುವುದು ಹೆಚ್ಚಾಗಿ ಗದ್ದಲ. ಸದನದ ಬಾವಿಗಿಳಿದು ಧರಣಿ, ಘೋಷಣೆ, ಸಭಾತ್ಯಾಗ. ಇದರ ಹಿಂದೆ ಸದ್ದಿಲ್ಲದೆ ನಡೆಯುವ ಒಂದು ವ್ಯವಸ್ಥೆ ಇದೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದು ಪ್ರಶ್ನೋತ್ತರ. ಶಾಸಕರು ಮುಂಚಿತವಾಗಿ ಬರೆದು ಕೊಟ್ಟ ಪ್ರಶ್ನೆಗೆ ಸಂಬಂಧಪಟ್ಟ ಸಚಿವರು ಉತ್ತರ ಕೊಡಬೇಕು. ಇದರಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸುತ್ತಾರೆ. ಅದರ ಮೇಲೆ ಶಾಸಕರು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ.

ಈ ಪ್ರಶ್ನೆಗಳ ಪ್ರತಿಯನ್ನು ಒಮ್ಮೆ ನೋಡಬೇಕು. ಪುಟದ ಒಂದು ಕಡೆ ಅ, ಆ, ಇ, ಈ ಎಂದು ಪ್ರಶ್ನೆಯ ಭಾಗಗಳು. ಇನ್ನೊಂದು ಕಡೆ ಒಂದೊಂದಕ್ಕೂ ಉತ್ತರ. 'ಇಂಥ ತಾಲ್ಲೂಕಿನ ಆಸ್ಪತ್ರೆಯಲ್ಲಿ ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?' ಎಂದು ಕೇಳಿದರೆ ಉತ್ತರ 'ಬಂದಿದೆ' ಎಂದಷ್ಟೇ ಇರಬಹುದು. ಚೆನ್ನಾಗಿ ತಯಾರಾದ ಶಾಸಕರು ಅಲ್ಲಿಗೆ ಬಿಡುವುದಿಲ್ಲ. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾವಾಗಿನಿಂದ ಖಾಲಿ, ಯಾವ ಕಾಲಮಿತಿಯಲ್ಲಿ ತುಂಬುತ್ತೀರಿ ಎಂದು ಬಿಡಿಸಿ ಕೇಳಿರುತ್ತಾರೆ. ಆಗ ಇಲಾಖೆ ಅಂಕಿ ಕೊಡಲೇಬೇಕು. ಆ ಅಂಕಿ ಸದನದ ದಾಖಲೆಗೆ ಸೇರುತ್ತದೆ. ಪತ್ರಕರ್ತರು, ಸಂಘಟನೆಗಳು, ಊರಿನವರು ಯಾರು ಬೇಕಾದರೂ ಆಮೇಲೆ ಅದನ್ನು ಹಿಡಿದು ಮಾತನಾಡಬಹುದು.

ಎರಡನೆಯದು ತುರ್ತು ವಿಷಯಗಳು. ಬರ ಬಂತು, ಕೆರೆ ಒಡೆಯಿತು, ಬೆಳೆಗೆ ರೋಗ ತಗುಲಿತು. ಇದಕ್ಕೆ ತಿಂಗಳ ಹಿಂದೆಯೇ ಪ್ರಶ್ನೆ ಬರೆದು ಕೊಡಲು ಆಗುವುದಿಲ್ಲ. ಪ್ರಶ್ನೋತ್ತರ ಮುಗಿದ ಮೇಲೆ ಬರುವ ಶೂನ್ಯವೇಳೆಯಲ್ಲಿ ಚುಟುಕಾಗಿ ಹೇಳಬಹುದು, ಗಮನ ಸೆಳೆಯುವ ಸೂಚನೆ ಕೊಡಬಹುದು. ಸುದ್ದಿಯಲ್ಲಿ 'ನಿಯಮ 60', 'ನಿಯಮ 69' ಎಂದು ಕೇಳಿರುತ್ತೀರಿ. ನಿಯಮ 60 ಎಂದರೆ ನಿಲುವಳಿ ಸೂಚನೆ. ಸದನದ ಬೇರೆ ಕೆಲಸ ಬದಿಗಿಟ್ಟು ಈ ವಿಷಯ ಮೊದಲು ಎತ್ತಿಕೊಳ್ಳಿ ಎಂಬ ಬೇಡಿಕೆ. ಸರ್ಕಾರಕ್ಕೆ ಅದು ಮುಜುಗರದ ವಿಷಯ. ಹಾಗಾಗಿ ಸಭಾಧ್ಯಕ್ಷರು ಎಷ್ಟೋ ಸಲ ಅದನ್ನು ನಿಯಮ 69ಕ್ಕೆ ಬದಲಾಯಿಸಿ, ಸಾರ್ವಜನಿಕ ಮಹತ್ವದ ವಿಷಯವಾಗಿ ಚರ್ಚೆಗೆ ಸಮಯ ಕೊಡುತ್ತಾರೆ. ಹೊರಗಿನಿಂದ ನೋಡುವವರಿಗೆ ಇದು ಅರ್ಥವಿಲ್ಲದ ಜಗಳ ಅನ್ನಿಸಬಹುದು. ಒಳಗೆ ನಡೆಯುತ್ತಿರುವುದು, ಯಾರ ವಿಷಯ ಯಾವ ಹೊತ್ತಿಗೆ ಎಷ್ಟು ಗಂಟೆ ಚರ್ಚೆಯಾಗಬೇಕು ಎಂಬ ಹಗ್ಗಜಗ್ಗಾಟ.

ಮೂರನೆಯದು ಸಮಿತಿಗಳು. ಇಲ್ಲಿ ಕ್ಯಾಮೆರಾ ಇಲ್ಲ, ಆದ್ದರಿಂದ ಸುದ್ದಿಯೂ ಕಡಿಮೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಖರ್ಚಾದ ಹಣದ ಲೆಕ್ಕ ನೋಡುತ್ತದೆ. ಸರ್ಕಾರಿ ಭರವಸೆಗಳ ಸಮಿತಿ ಎಂದು ಒಂದಿದೆ. ಸಚಿವರು ಸದನದಲ್ಲಿ 'ಕ್ರಮ ತೆಗೆದುಕೊಳ್ಳುತ್ತೇವೆ', 'ಪರಿಶೀಲಿಸುತ್ತೇವೆ' ಎಂದು ಕೊಟ್ಟ ಮಾತುಗಳನ್ನು ಪಟ್ಟಿ ಮಾಡಿ, ಆ ಕೆಲಸ ಆಯಿತೇ ಎಂದು ಬೆನ್ನು ಹತ್ತುವುದು ಅದರ ಕೆಲಸ. ಬೀದಿಯ ಭಾಷಣದಲ್ಲಿ ಕೊಟ್ಟ ಮಾತಿಗೂ ಸದನದಲ್ಲಿ ಕೊಟ್ಟ ಮಾತಿಗೂ ಇರುವ ವ್ಯತ್ಯಾಸ ಇದೇ. ಇನ್ನು ಅರ್ಜಿಗಳ ಸಮಿತಿ. ಸಾಮಾನ್ಯ ನಾಗರಿಕರ ಅರ್ಜಿ ಸದನದವರೆಗೆ ಬರಲು ಇರುವ ಬಾಗಿಲು ಅದು.

ನಾಲ್ಕನೆಯದು ಬಜೆಟ್. 2025-26ರ ರಾಜ್ಯ ಬಜೆಟ್‌ನ ಗಾತ್ರ ಸುಮಾರು 4.09 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಬಹುಪಾಲು ಖರ್ಚಿಗೆ ವಿಧಾನಸಭೆ ಒಪ್ಪಿಗೆ ಕೊಡಬೇಕು. ಇಲಾಖಾವಾರು ಬೇಡಿಕೆಗಳ ಮೇಲೆ ಶಾಸಕರು ಮಾತನಾಡಬಹುದು, ಇಲಾಖೆ ಕೇಳಿದ ಹಣ ಕಡಿಮೆ ಮಾಡಿ ಎಂಬ ಕಡಿತ ಸೂಚನೆ ತರಬಹುದು. ಶಾಸಕರಿಗೆ ತಮ್ಮ ಕ್ಷೇತ್ರದಲ್ಲಿ ಕೆಲಸ ಸೂಚಿಸಲು ಇರುವ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. 224 ಕ್ಷೇತ್ರಕ್ಕೆ ಒಟ್ಟು 448 ಕೋಟಿ. ಬಜೆಟ್‌ನ ಒಂದು ಸಾವಿರ ರೂಪಾಯಿಯಲ್ಲಿ ಹೆಚ್ಚುಕಡಿಮೆ ಒಂದು ರೂಪಾಯಿ ಅಂದುಕೊಳ್ಳಿ. ಆ ಒಂದು ರೂಪಾಯಿಯಲ್ಲಿ ಕಟ್ಟಿದ ಬಸ್ ತಂಗುದಾಣದ ಮೇಲೆ ಹೆಸರು ಬರೆದಿರುತ್ತದೆ, ನಮಗೆ ಕಾಣುತ್ತದೆ. ಉಳಿದ 999 ರೂಪಾಯಿಯ ಚರ್ಚೆಯಲ್ಲಿ ನಮ್ಮ ಶಾಸಕರು ಏನು ಹೇಳಿದರು ಎಂದು ಕೇಳುವವರು ತೀರಾ ಕಡಿಮೆ ಅಲ್ವಾ?

ಇದೆಲ್ಲ ನಡೆಯಲು ಸದನ ಸೇರಬೇಕು. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ದಾಟಬಾರದು ಎಂದು ಸಂವಿಧಾನ ಹೇಳುತ್ತದೆ. ಕರ್ನಾಟಕ 2005ರಲ್ಲಿ ತನಗೆ ತಾನೇ ಒಂದು ಕಾಯ್ದೆ ಮಾಡಿಕೊಂಡಿತು. ಅದರ ಪ್ರಕಾರ ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕು. ಬಹುತೇಕ ವರ್ಷಗಳಲ್ಲಿ ಆ ಲೆಕ್ಕ ಮುಟ್ಟಿಲ್ಲ. ಕಲಾಪ ನಡೆಯದ ಒಂದೊಂದು ದಿನಕ್ಕೂ ಆ ದಿನದ ಪ್ರಶ್ನೋತ್ತರ ಹೋಯಿತು ಎಂದೇ ಅರ್ಥ.

ಕಾಗೋಡಿನಿಂದ ಕಾಯ್ದೆಯವರೆಗೆ

ಒಂದು ಊರಿನ ಕಷ್ಟ ಇಡೀ ರಾಜ್ಯದ ಕಾನೂನಾಗುವುದು ಹೇಗೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ, ಬೇರೆಯವರ ಜಮೀನು ಉಳುಮೆ ಮಾಡಿ ಬೆಳೆಯ ಪಾಲನ್ನು ಗೇಣಿಯಾಗಿ ಕೊಡುತ್ತಿದ್ದ ಗೇಣಿದಾರರು ಜಮೀನ್ದಾರರ ವಿರುದ್ಧ ಸತ್ಯಾಗ್ರಹ ಮಾಡಿದರು. ಗೇಣಿ ಅಳೆಯುವ ಕೊಳಗದ ಅಳತೆಯ ಜಗಳ ಅದಕ್ಕೆ ಕಿಡಿ. ಆ ಹೋರಾಟದಲ್ಲಿದ್ದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು 1952ರ ಮೊದಲ ಚುನಾವಣೆಯಲ್ಲಿ ಅದೇ ಸೀಮೆಯಿಂದ ಗೆದ್ದು ವಿಧಾನಸಭೆಗೆ ಬಂದರು. ಉಳುವವನಿಗೆ ಭೂಮಿ ಸಿಗಬೇಕು ಎಂಬ ಮಾತನ್ನು ಅವರು ಸದನದ ಒಳಗೂ ಹೊರಗೂ ಬಿಡದೆ ಹೇಳಿದರು. ಅವರು ಯಾವತ್ತೂ ಸಚಿವರಾಗಲಿಲ್ಲ. 1972ರಲ್ಲಿ ತೀರಿಕೊಂಡರು.

1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ದೊಡ್ಡ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಪದ್ಧತಿ ಹೋಯಿತು. ಭೂ ನ್ಯಾಯಮಂಡಳಿಗಳ ಮೂಲಕ ಲಕ್ಷಾಂತರ ಗೇಣಿದಾರರಿಗೆ ಜಮೀನು ಸಿಕ್ಕಿತು. ಒಬ್ಬ ಶಾಸಕರ ಮಾತಿನಿಂದಲೇ ಇದು ಆಯಿತು ಎಂದು ನಾನು ಹೇಳುತ್ತಿಲ್ಲ. ಚಳವಳಿ ಇತ್ತು, ಪಕ್ಷಗಳಿದ್ದವು, ಅರಸು ಅವರ ರಾಜಕೀಯ ಇಚ್ಛೆ ಇತ್ತು. ಆದರೆ ಕಾಗೋಡಿನ ಕೊಳಗದ ಕತೆ ವಿಧಾನಸಭೆಯ ಕಡತಕ್ಕೆ ಸೇರಿದ್ದು ಅಲ್ಲಿಂದ ಆರಿಸಿ ಬಂದವರು ಬಾಯಿಬಿಟ್ಟಿದ್ದರಿಂದ. ಬೀಜಕ್ಕೂ ಬೆಳೆಗೂ ನಡುವೆ 20 ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಕ್ಷೇತ್ರದಲ್ಲಿ ಇರುವ ನೇರ ಅಧಿಕಾರ

ಶಾಸಕರಿಗೆ ಆದೇಶದ ಅಧಿಕಾರ ಕಡಿಮೆ ಎಂದೆ. ಇಲ್ಲವೇ ಇಲ್ಲ ಎಂದಲ್ಲ.

ಬಗರ್‌ಹುಕುಂ ಸಮಿತಿ ಅದರಲ್ಲಿ ಮುಖ್ಯವಾದದ್ದು. ಸರ್ಕಾರಿ ಜಮೀನಿನಲ್ಲಿ ಹಿಂದಿನಿಂದ ಸಾಗುವಳಿ ಮಾಡಿಕೊಂಡು ಬಂದವರು ಸಕ್ರಮಕ್ಕಾಗಿ ನಮೂನೆ 50, 53, 57ರಲ್ಲಿ ಅರ್ಜಿ ಹಾಕಿರುತ್ತಾರೆ. ಅದನ್ನು ನೋಡುವ ಸಮಿತಿಗೆ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಸಭೆ ಕರೆಯದೇ ಇದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಮನೆ, ನಿವೇಶನದ ಫಲಾನುಭವಿಗಳನ್ನು ಗುರುತಿಸುವ ಆಶ್ರಯ ಸಮಿತಿಯಲ್ಲೂ ಶಾಸಕರ ಪಾತ್ರ ದೊಡ್ಡದು.

ಇಲಾಖೆಗಳ ಕೆಲಸದ ಪ್ರಗತಿ ನೋಡುವ ತಾಲ್ಲೂಕು ಮಟ್ಟದ ಕೆಡಿಪಿ ಸಭೆಯ ಅಧ್ಯಕ್ಷತೆಯೂ ಅವರದ್ದೇ. ಕೃಷಿ, ಶಿಕ್ಷಣ, ಆರೋಗ್ಯ, ಬೆಸ್ಕಾಂನಂಥ ವಿದ್ಯುತ್ ಕಂಪನಿ, ಎಲ್ಲ ಇಲಾಖೆಯ ಅಧಿಕಾರಿಗಳು ಅಲ್ಲಿ ಬಂದು ಪ್ರಗತಿಯ ವರದಿ ಒಪ್ಪಿಸಬೇಕು. ಸದನದಲ್ಲಿ ಸಚಿವರನ್ನು ಕೇಳುವಂತೆ ಇಲ್ಲಿ ಅಧಿಕಾರಿಯನ್ನು ಎದುರಿಗೇ ಕೇಳಬಹುದು.

ಆ 2 ಕೋಟಿಯ ನಿಧಿಯ ಹಣ ಶಾಸಕರ ಕೈಗೆ ಬರುವುದಿಲ್ಲ. ಕೆಲಸ ಯಾವುದು ಎಂದು ಅವರು ಸೂಚಿಸುತ್ತಾರೆ. ಹಣ ಇರುವುದು ಜಿಲ್ಲಾಧಿಕಾರಿಯ ಖಾತೆಯಲ್ಲಿ. ಮಂಜೂರಾತಿ ಕೊಡುವವರೂ ಅವರೇ. ಇದರ ಹೊರತಾಗಿ 'ಕೋಟಿಗಟ್ಟಲೆ ಅನುದಾನ ತಂದರು' ಎಂದು ಫ್ಲೆಕ್ಸ್‌ಗಳಲ್ಲಿ ಓದುವುದು ಇಲಾಖೆಗಳ ಹಣ. ಅದು ಸಚಿವ ಸಂಪುಟ, ಹಣಕಾಸು ಇಲಾಖೆ ಒಪ್ಪಿ ಬಿಡುಗಡೆಯಾಗುವಂಥದ್ದು. ವಿರೋಧ ಪಕ್ಷದ ಶಾಸಕರು ತಮ್ಮ ಕ್ಷೇತ್ರಕ್ಕೆ ಅನುದಾನದಲ್ಲಿ ತಾರತಮ್ಯ ಆಗಿದೆ ಎಂದು ದೂರುವುದು ಈ ಹಣದ ವಿಷಯದಲ್ಲೇ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಈ ದೂರು ಕೇಳಿಬರುತ್ತದೆ.

ಜನರ ಮಾತೋ, ಪಕ್ಷದ ಮಾತೋ

ಮದುವೆ ಮಾತುಕತೆಗೆ ಮನೆಯ ಹಿರಿಯರೊಬ್ಬರನ್ನು ಕಳಿಸುತ್ತೇವೆ. ಏನು ಕೇಳಬೇಕು, ಎಲ್ಲಿ ಬಗ್ಗಬಾರದು ಎಂದು ಹೇಳಿ ಕಳಿಸಿರುತ್ತೇವೆ. ಅಲ್ಲಿ ಹೋದ ಮೇಲೆ ಆ ಕಡೆಯವರು ನಾವು ಊಹಿಸದ ಮಾತೊಂದನ್ನು ತೆಗೆಯುತ್ತಾರೆ. ಆಗ ಹಿರಿಯರು ಎದ್ದು ಬಂದು ನಮ್ಮನ್ನು ಕೇಳಿ ಹೋಗಲು ಆಗುವುದಿಲ್ಲ. ತಮ್ಮ ವಿವೇಕದ ಮೇಲೆ ಒಂದು ತೀರ್ಮಾನ ಹೇಳುತ್ತಾರೆ. ಶಾಸಕರ ಸ್ಥಿತಿಯೂ ಹೀಗೇ. ಹೇಳಿ ಕಳಿಸಿದ್ದನ್ನು ಹೇಳಬೇಕು, ಹೇಳದ ವಿಷಯದಲ್ಲಿ ನಮ್ಮ ಹಿತ ನೋಡಿ ನಿರ್ಧಾರ ಮಾಡಬೇಕು. ಕ್ಷೇತ್ರದ ಬಹುಪಾಲು ಜನರ ಅಭಿಪ್ರಾಯದಂತೆಯೇ ಮತ ಹಾಕಬೇಕು ಎಂಬ ಕಟ್ಟುಪಾಡು ನಮ್ಮ ಸಂವಿಧಾನದಲ್ಲಿ ಇಲ್ಲ. ಅವಧಿಯ ನಡುವೆ ಜನರೇ ಸೇರಿ ಶಾಸಕರನ್ನು ವಾಪಸ್ ಕರೆಸುವ ಅವಕಾಶವೂ ಇಲ್ಲ.

ಆದರೆ ಆ ಹಿರಿಯರ ಪಕ್ಕ ಇನ್ನೊಬ್ಬರು ಕೂತಿದ್ದಾರೆ. ಅದು ಪಕ್ಷ.

1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 10ನೇ ಅನುಸೂಚಿ ಸೇರಿತು. ನಾವು ಪಕ್ಷಾಂತರ ನಿಷೇಧ ಕಾಯ್ದೆ ಎನ್ನುವುದು ಇದನ್ನೇ. ಒಂದು ಪಕ್ಷದ ಚಿಹ್ನೆಯ ಮೇಲೆ ಗೆದ್ದವರು ಸ್ವಇಚ್ಛೆಯಿಂದ ಪಕ್ಷ ಬಿಟ್ಟರೆ ಸದಸ್ಯತ್ವ ಹೋಗುತ್ತದೆ. ಪಕ್ಷ ಕೊಟ್ಟ ವಿಪ್ ಮೀರಿ ಮತ ಹಾಕಿದರೂ, ಮತದಾನಕ್ಕೆ ಬರದೆ ಉಳಿದರೂ ಹೋಗಬಹುದು. ವಿಪ್ ಎಂದರೆ, ಈ ವಿಷಯದಲ್ಲಿ ಹೀಗೇ ಮತ ಹಾಕಿ ಎಂದು ಪಕ್ಷ ತನ್ನ ಶಾಸಕರಿಗೆ ಕೊಡುವ ಲಿಖಿತ ಸೂಚನೆ. ಅನರ್ಹತೆ ತೀರ್ಮಾನಿಸುವವರು ಸಭಾಧ್ಯಕ್ಷರು. ಅವರ ತೀರ್ಮಾನವನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂದು ಸುಪ್ರೀಂ ಕೋರ್ಟ್ 1992ರಲ್ಲಿ ಹೇಳಿತು.

ಕರ್ನಾಟಕಕ್ಕೆ ಈ ಕಾಯ್ದೆ ಹೊಸದಲ್ಲ. 2019ರ ಜುಲೈನಲ್ಲಿ ಆಡಳಿತ ಮೈತ್ರಿಕೂಟದ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ಟರು. ಎಚ್.ಡಿ. ಕುಮಾರಸ್ವಾಮಿ ಅವರ ಸರ್ಕಾರ ಬಿತ್ತು. ಸಭಾಧ್ಯಕ್ಷರಾಗಿದ್ದ ಕೆ.ಆರ್. ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು. ಆ ಅವಧಿ ಮುಗಿಯುವ ತನಕ ಅವರು ಚುನಾವಣೆಗೂ ನಿಲ್ಲುವಂತಿಲ್ಲ ಎಂದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಚುನಾವಣೆಗೆ ನಿಲ್ಲಬಾರದು ಎಂಬ ಭಾಗವನ್ನು ರದ್ದು ಮಾಡಿತು. ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಅವರಲ್ಲಿ ಹೆಚ್ಚಿನವರು ಬೇರೆ ಪಕ್ಷದಿಂದ ನಿಂತು ಮತ್ತೆ ಗೆದ್ದರು.

ಈ ಕಾಯ್ದೆ ಸರ್ಕಾರಗಳಿಗೆ ಸ್ವಲ್ಪ ಸ್ಥಿರತೆ ಕೊಟ್ಟಿತು ಎನ್ನುವವರಿದ್ದಾರೆ. ಶಾಸಕರ ಮತವನ್ನು ಪಕ್ಷದ ಕೈಗೆ ಕೊಟ್ಟಿತು ಎನ್ನುವವರೂ ಇದ್ದಾರೆ. ಎರಡರಲ್ಲೂ ಹುರುಳಿದೆ. ಇಲ್ಲಿ ನಾವು ಗಮನಿಸಬೇಕಾದ್ದು ಬೇರೆ. ವಿಪ್ ಕಟ್ಟಿಹಾಕುವುದು ಮತವನ್ನು. ಪ್ರಶ್ನೆ ಕೇಳುವುದಕ್ಕೆ, ತನ್ನ ಕ್ಷೇತ್ರದ ಆಸ್ಪತ್ರೆಯಲ್ಲಿ ವೈದ್ಯರಿಲ್ಲ ಎಂದು ತನ್ನದೇ ಪಕ್ಷದ ಸಚಿವರ ಎದುರು ಹೇಳುವುದಕ್ಕೆ ಆ ಕಾಯ್ದೆ ಅಡ್ಡ ಬರುವುದಿಲ್ಲ. 'ಪಕ್ಷದ ಶಿಸ್ತು, ಹಾಗಾಗಿ ಸುಮ್ಮನಿದ್ದೆ' ಎಂದು ಶಾಸಕರು ಹೇಳಿದರೆ, ಅದು ಕಾಯ್ದೆ ಹಾಕಿದ ಬೇಲಿ ಅಲ್ಲ.

ಮರುವಿಂಗಡಣೆ ಯಾಕೆ ನಮ್ಮ ವಿಷಯ

ಕರ್ನಾಟಕದಲ್ಲಿ 1978ರ ಚುನಾವಣೆಯಿಂದ 224 ಸ್ಥಾನಗಳೇ ಇವೆ. ಈ ಸಂಖ್ಯೆ ನಿಂತಿರುವುದು 1971ರ ಜನಗಣತಿಯ ಮೇಲೆ. ಆಗ ರಾಜ್ಯದ ಜನಸಂಖ್ಯೆ 2.93 ಕೋಟಿ. 2011ರಲ್ಲಿ 6.11 ಕೋಟಿ. ಅಂದರೆ ಒಬ್ಬ ಶಾಸಕರ ಪಾಲಿಗೆ ಆಗ 1.31 ಲಕ್ಷ ಜನ, 2011ರ ಹೊತ್ತಿಗೆ 2.73 ಲಕ್ಷ ಜನ. ದಿನಕ್ಕೆ ಇರುವುದು ಆಗಲೂ ಈಗಲೂ 24 ಗಂಟೆ. ಪ್ರಶ್ನೋತ್ತರದ ವೇಳೆಯೂ ಹಿಗ್ಗಿಲ್ಲ.

ಸ್ಥಾನಗಳ ಸಂಖ್ಯೆಯನ್ನು 1976ರಲ್ಲಿ 42ನೇ ತಿದ್ದುಪಡಿ ತಡೆಹಿಡಿಯಿತು. ಜನಸಂಖ್ಯೆ ಹತೋಟಿಗೆ ತಂದ ರಾಜ್ಯಗಳಿಗೆ ನಷ್ಟ ಆಗಬಾರದು ಎಂಬುದು ಕಾರಣ. 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ವಿಸ್ತರಿಸಿತು. ಗಡಿಗಳನ್ನು ಮಾತ್ರ 2001ರ ಜನಗಣತಿ ಆಧರಿಸಿ ಮತ್ತೆ ಬರೆದರು. 2008ರಲ್ಲಿ ಹೊಸ ಗಡಿಗಳ ಮೇಲೆ ದೇಶದಲ್ಲೇ ಮೊದಲು ಚುನಾವಣೆ ನಡೆದದ್ದು ಕರ್ನಾಟಕದಲ್ಲಿ. ಒಂದು ಮತದ ಗೆಲುವು ಕಂಡ ಸಂತೇಮರಹಳ್ಳಿ ಕ್ಷೇತ್ರ ಇಲ್ಲವಾದದ್ದು ಆ ಮರುವಿಂಗಡಣೆಯಲ್ಲೇ.

ಇದಕ್ಕೆ ಸೇರಿಕೊಂಡ ಇನ್ನೊಂದು ವಿಷಯ ಮಹಿಳಾ ಮೀಸಲಾತಿ. 2023ರ ಚುನಾವಣೆಯಲ್ಲಿ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10 ಮಂದಿ. ಅದೇ ವರ್ಷ ಸಂಸತ್ತು ಒಪ್ಪಿದ 106ನೇ ತಿದ್ದುಪಡಿ ಲೋಕಸಭೆ, ವಿಧಾನಸಭೆಗಳ ಮೂರನೇ ಒಂದು ಭಾಗದ ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. ಜನಗಣತಿ, ಮರುವಿಂಗಡಣೆ ಆದ ಮೇಲೆ ಜಾರಿ ಎಂದು ಅದರಲ್ಲೇ ಬರೆದಿತ್ತು.

ನಮ್ಮ ಪ್ರಶ್ನೆ ಸದನಕ್ಕೆ ಹೋಗಬೇಕಾದರೆ

ಶಾಸಕರ ಕಚೇರಿಗೆ ಹೋಗುವಾಗ ದೂರನ್ನು ಪ್ರಶ್ನೆಯಾಗಿ ಬರೆದುಕೊಂಡು ಹೋಗಿ. 'ನಮ್ಮ ಊರಿನ ಶಾಲೆಗೆ ಮೇಷ್ಟ್ರಿಲ್ಲ' ಎಂದು ಬಾಯಲ್ಲಿ ಹೇಳಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಒಂದು ಫೋನ್ ಹೋಗಬಹುದು. ಶಾಲೆಯ ಹೆಸರು, ಮಕ್ಕಳ ಸಂಖ್ಯೆ, ಮಂಜೂರಾದ ಹುದ್ದೆ, ಖಾಲಿ ಹುದ್ದೆ, ಖಾಲಿಯಾದ ದಿನಾಂಕ, ಹಿಂದೆ ಕೊಟ್ಟ ಅರ್ಜಿಗಳ ಪ್ರತಿ ಜೊತೆಗಿಟ್ಟರೆ ಅದರಿಂದ ಒಂದು ಚುಕ್ಕೆ ಗುರುತಿನ ಪ್ರಶ್ನೆ ತಯಾರಾಗುತ್ತದೆ. ಗೊತ್ತಿಲ್ಲದ ಅಂಕಿಯನ್ನು ಮಾಹಿತಿ ಹಕ್ಕು ಅರ್ಜಿಯಿಂದ ಮೊದಲೇ ಪಡೆಯಬಹುದು.

ಅಧಿವೇಶನದ ದಿನಾಂಕ ಘೋಷಣೆಯಾದ ಕೂಡಲೇ ಕೊಡಿ. ಪ್ರಶ್ನೆಗಳಿಗೆ ಮುಂಚಿತ ಸೂಚನೆ ಬೇಕು, ಅಧಿವೇಶನ ಶುರುವಾದ ಮೇಲೆ ಕೊಟ್ಟರೆ ತಡವಾಗುತ್ತದೆ. ಬಜೆಟ್ ಅಧಿವೇಶನ ವರ್ಷದ ಮೊದಲ ತಿಂಗಳುಗಳಲ್ಲಿ ಬರುತ್ತದೆ. ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ. ಆಮೇಲೆ ವಿಧಾನಸಭೆಯ ಜಾಲತಾಣದಲ್ಲಿ ಆ ದಿನದ ಪ್ರಶ್ನೋತ್ತರಗಳ ಪಟ್ಟಿ ತೆರೆದು ನಿಮ್ಮ ಶಾಸಕರ ಹೆಸರು ಹುಡುಕಿ. ಪ್ರಶ್ನೆ ಇದ್ದರೆ ಉತ್ತರದ ಪ್ರತಿ ಇಳಿಸಿಕೊಂಡು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಓದಿ. ಸಚಿವರು ಕಾಲಮಿತಿ ಹೇಳಿದ್ದರೆ ಆ ದಿನಾಂಕ ಬರೆದಿಟ್ಟುಕೊಳ್ಳಿ. ಪ್ರಶ್ನೆ ಇಲ್ಲದಿದ್ದರೆ, ಯಾಕೆ ಕೇಳಲಿಲ್ಲ ಎಂದು ವಿಚಾರಿಸಲು ಅದೇ ಕಾಗದ ಹಿಡಿದು ಮತ್ತೆ ಅದೇ ಕಚೇರಿಗೆ ಹೋಗಬಹುದು.